ಸಹಾಯ ಬೇಕು: ‘ದಿ ಸೈನ್ ಆಫ್ ಫೋರ್’ನ ಬೀದಿ ಹುಡುಗ ಯಾವ ಕನ್ನಡ ಆಡಬೇಕು?

ಕಾನನ್ ಡಾಯ್ಲ್‌ನ 1890ರ ಈ ಷರ್ಲಾಕ್ ಹೋಮ್ಸ್ ಪತ್ತೇದಾರಿ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅನುವಾದ ಮಾಡಿ ಪಳಗಿದವರ ಸಲಹೆ ಬೇಕು.

ಹೆಚ್ಚು ಕಾಡುತ್ತಿರುವುದು ವಿಗಿನ್ಸ್, ಹೋಮ್ಸ್‌ಗಾಗಿ ಸುದ್ದಿ ಹುಡುಕುವ ಲಂಡನ್ನಿನ ಬೀದಿ ಹುಡುಗರ ಮುಂದಾಳು. ಹೋಮ್ಸ್ ಹುಡುಗರಿಗೆ ತಲಾ ಒಂದು ಶಿಲಿಂಗ್ ಮುಂಗಡ ಕೊಡುತ್ತಾನೆ, ಅಪರಾಧಿಗಳ ದೋಣಿ ಪತ್ತೆ ಹಚ್ಚಿದವನಿಗೆ ಒಂದು ಗಿನಿ (21 ಶಿಲಿಂಗ್) ಎನ್ನುತ್ತಾನೆ. ಆದರೆ ಇನ್ನು ಮೇಲೆ ವಿಗಿನ್ಸ್ ಒಬ್ಬನೇ ಬಂದು ವರದಿ ಒಪ್ಪಿಸಬೇಕು, ಉಳಿದವರು ಮನೆಗೆ ನುಗ್ಗಕೂಡದು. ವರ್ಗ ಎದ್ದು ಕಾಣುವುದು ಈ ಬಾಗಿಲಲ್ಲೇ. ಹೋಮ್ಸ್, ವಿಗಿನ್ಸ್ ಇಬ್ಬರಿಗೂ ಗ್ರಾಂಥಿಕ ಭಾಷೆ ಕೊಟ್ಟರೆ ಆ ಅಂತರ ಅಳಿಸಿಹೋಗುತ್ತದೆ. ಹುಡುಗನಿಗೆ ಮಂಡ್ಯದ್ದೋ ಕಲಬುರಗಿಯದ್ದೋ ಮಾತು ಕೊಟ್ಟರೆ ಲಂಡನ್ನಿನ ಬಡತನ ನಮ್ಮ ಸೀಮೆಯ, ಜಾತಿಯ ಗುರುತಾಗಿಬಿಡುತ್ತದೆ. ಅದು ಆ ಸೀಮೆಯವರಿಗೆ ಮಾಡುವ ಅನ್ಯಾಯ. ಸದ್ಯಕ್ಕೆ ಗಿಡ್ಡ ವಾಕ್ಯ, ನುಂಗಿದ ಸ್ವರ, ಒಂದು ‘ಸಾರ್’: “ಸುದ್ದಿ ಸಿಕ್ತು ಸಾರ್, ಎಲ್ರನ್ನೂ ಕರ್ಕೊಂಡ್ ಬಂದೆ.” ಇಷ್ಟು ಸಾಕೇ?

ಹೋಮ್ಸ್ ಬಳಿ ಸಹಾಯ ಕೇಳಿ ಬಂದ ಯುವತಿ ಮೇರಿ ಮಾರ್ಸ್ಟನ್ ವಿಷಯದಲ್ಲಿ ತೊಡಕು ಕನ್ನಡದ್ದೇ. ನಿಧಿಯ ಪೆಟ್ಟಿಗೆ ಖಾಲಿ ಎಂದು ತಿಳಿದ ಗಳಿಗೆಯಲ್ಲಿ ಹೋಮ್ಸ್‌ನ ಗೆಳೆಯ ವಾಟ್ಸನ್ ಅವಳಿಗೆ ಪ್ರೀತಿ ಹೇಳಿಕೊಳ್ಳುತ್ತಾನೆ. ಅಲ್ಲಿಂದ ಅವನು ‘ನೀನು’ ಎಂದು, ಅವಳು ‘ನೀವು’ ಎಂದೇ ಉಳಿದರೆ, ಮೂಲದಲ್ಲಿಲ್ಲದ ಮೇಲುಕೀಳನ್ನು ನಾವೇ ಸೇರಿಸಿದಂತೆ. ಇಬ್ಬರಿಗೂ ‘ನೀವು’ ಇಡುವುದೇ ಸರಿಯೆನಿಸುತ್ತದೆ.

ಇನ್ನು ಟೊಂಗಾ, ಅಪರಾಧಿಯ ಜೊತೆಗಿರುವ ಅಂಡಮಾನಿನವನು. ಅಂಡಮಾನಿನವರನ್ನು ಕುರೂಪಿಗಳು, ನರಭಕ್ಷಕರು ಎನ್ನುವ, ಹೋಮ್ಸ್ ಗೆಜೆಟಿಯರ್‌ನಿಂದ (ಊರು-ನಾಡುಗಳ ವಿವರ ಕೊಡುವ ಕೋಶ) ಓದುವ ಭಾಗವನ್ನು ಮೃದು ಮಾಡುವುದಿಲ್ಲ. ಮಾಡಿದರೆ ಓದುಗರಿಗೆ ಆ ಕಾಲದ ವಸಾಹತು ದೃಷ್ಟಿಯೇ ಕಾಣದು. ಸಿಖ್ಖರೆಂದು ಕರೆದವರಲ್ಲೊಬ್ಬನ ಹೆಸರು ಅಬ್ದುಲ್ಲಾ ಖಾನ್, ಅದನ್ನೂ ತಿದ್ದುವುದಿಲ್ಲ. ಇವಕ್ಕೆ ವಿವರಣೆ ಪುಟದಡಿಯಲ್ಲಿರಲೋ, ಮುನ್ನುಡಿಯಲ್ಲೋ? ಪುಟದಡಿ ಹಾಕಿದರೆ ಬೆನ್ನಟ್ಟುವ ಓಟ ಮುಗ್ಗರಿಸುತ್ತದೆ, ಮುನ್ನುಡಿಯನ್ನು ಹಲವರು ಓದುವುದೇ ಇಲ್ಲ. ನಿಮ್ಮ ಅನುವಾದದಲ್ಲಿ ಏನು ಮಾಡಿದಿರಿ, ಒಂದು ಸಾಲಿನ ಮಾದರಿ ಸಮೇತ ತಿಳಿಸಿ.