ಬೂಷ್ಟಿಗೂ ಬ್ಲಡ್ ಟೆಸ್ಟಾ?

(ನಮ್ಮ 'ಮನೆಮಂದಿ' ಗುಂಪು, ಭಾನುವಾರ ಬೆಳಗ್ಗೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ.)

ಮಲ್ಲೇಶ್ವರಂ ಅತ್ತೆ: [ಫಾರ್ವರ್ಡ್] ಹಬ್ಬದ ಆಫರ್!! ಬೂಷ್ಟು, ಧೂಳು, ಹಾಲು, ಗೋಧಿ... ಎಲ್ಲ ಅಲರ್ಜಿಗೂ ಒಂದೇ ರಕ್ತ ಪರೀಕ್ಷೆ. ಮನೆಗೇ ಬರ್ತೇವೆ.

ಮಲ್ಲೇಶ್ವರಂ ಅತ್ತೆ: ಕಿಟ್ಟಿ, ಮಗೂಗೆ ಇವತ್ತೇ ಬುಕ್ ಮಾಡೋ. ಜೂನ್‌ನಿಂದ ಸೀನ್ತಾನೇ ಇದೆ ಪಾಪ.

ಚಿಕ್ಕಪ್ಪ: ಅಕ್ಕಾ, ಬೂಷ್ಟಿಗೂ ಬ್ಲಡ್ ಟೆಸ್ಟಾ? ಉಪ್ಪಿನಕಾಯಿ ಮೇಲಿನ ಬೂಷ್ಟು ಚಮಚದಲ್ಲಿ ತೆಗೆದು ಊಟ ಮಾಡಿದೋರು ನಾವು.

ಮಲ್ಲೇಶ್ವರಂ ಅತ್ತೆ: ಅದಕ್ಕೇ ನಿನ್ನ ತಲೆಗೂ ಹಿಡಿದಿರೋದು.

ಲ್ಯಾಬ್ ಅಕ್ಕ: ಅತ್ತೆ, ಪೋಸ್ಟರ್ ಜೂಮ್ ಮಾಡಿ ನೋಡಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಐಜಿಜಿ ಅಂತಿದೆ. ಅದು ರಕ್ತದಲ್ಲಿರೋ ಒಂದು ಬಗೆ ಪ್ರತಿಕಾಯ (ಆಂಟಿಬಾಡಿ). ಅಲರ್ಜಿಗೆ ನೋಡೋದು ಇನ್ನೊಂದು ಬಗೆ, ಐಜಿಇ.

ಮಲ್ಲೇಶ್ವರಂ ಅತ್ತೆ: ಒಂದಕ್ಷರಕ್ಕೆ ಏನು ಮಹಾ?

ಲ್ಯಾಬ್ ಅಕ್ಕ: ಐಜಿಜಿ ಅಂದ್ರೆ ದೇಹಕ್ಕೆ ಆ ವಸ್ತು ಪರಿಚಯ ಆಗಿದೆ ಅಂತ ಅಷ್ಟೇ. ದಿನಾ ಮೊಸರನ್ನ ತಿನ್ನೋರಿಗೆ ಹಾಲಿನದು ಬಂದ್ರೆ ಆಶ್ಚರ್ಯ ಇಲ್ಲ. ಆಮೇಲೆ ನೀವು ಮಗೂಗೆ ಹಾಲು ನಿಲ್ಸಿ ಕೂತ್ಕೋತೀರ.

ಚಿಕ್ಕಪ್ಪ: ಅದನ್ನೇ ನಾನೂ ಹೇಳಿದ್ದು. ಟೆಸ್ಟೆಲ್ಲ ದುಡ್ಡು ಹೊಡೆಯೋ ದಂಧೆ.

ಲ್ಯಾಬ್ ಅಕ್ಕ: ನೀವು ಅದನ್ನ ಹೇಳ್ಲಿಲ್ಲ ಚಿಕ್ಕಪ್ಪ. ಐಜಿಇ ಟೆಸ್ಟ್ ಸರಿಯಾದದ್ದೇ. ಆಲ್ಟರ್ನೇರಿಯಾ, ಕ್ಲಾಡೊಸ್ಪೋರಿಯಂ, ಆಸ್ಪರ್ಜಿಲಸ್, ಒಂದೊಂದು ಬೂಷ್ಟಿಗೂ ಬೇರೆ ಬೇರೆ. ರಿಪೋರ್ಟಲ್ಲಿ ಆ ಐಜಿಇ ಸಾಮಾನ್ಯವಾಗಿ 0.35 ಕೆಯು/ಲೀ ದಾಟಿದ್ರೆ ಪಾಸಿಟಿವ್ ಅಂತ ಬರೀತಾರೆ. ಆದ್ರೆ ಪಾಸಿಟಿವ್ ಬಂದೋರೆಲ್ಲ ಸೀನಲ್ಲ. ಎಲ್ಲಿ, ಯಾವಾಗ ಸೀನು ಬರತ್ತೆ ಅನ್ನೋದರ ಜೊತೆ ಇಟ್ಟು ನೋಡ್ಬೇಕು.

ಕಿಟ್ಟಿ: ನಮ್ಮ ಡಾಕ್ಟರ್ ಚರ್ಮಕ್ಕೆ ಚುಚ್ಚಿ ನೋಡೋಣ ಅಂದ್ರು. ಅದಕ್ಕೆ ಒಂದು ವಾರ ಅಲರ್ಜಿ ಮಾತ್ರೆ ಸೆಟ್ರಿಜಿನ್ ನಿಲ್ಸ್ಬೇಕಂತೆ. ನಿಲ್ಸಿದ್ರೆ ರಾತ್ರಿ ಮನೇಲಿ ಯಾರಿಗೂ ನಿದ್ದೆ ಇಲ್ಲ.

ಲ್ಯಾಬ್ ಅಕ್ಕ: ಅಂಥೋರಿಗೇ ರಕ್ತದ ಟೆಸ್ಟು. ಮಾತ್ರೆ ತಗೊಳ್ತಾನೇ ಮಾಡಿಸ್ಬಹುದು, ಡಾಕ್ಟರನ್ನೇ ಕೇಳು. ಅದಿರ್ಲಿ, ಮಗು ಮಲಗೋ ರೂಮಿನ ಗೋಡೆ ಹೇಗಿದೆ?

ಕಿಟ್ಟಿ: [ಫೋಟೊ]

(ಬೀರು ಸರಿಸಿ ತೆಗೆದದ್ದು. ಬೀದರಿನಿಂದ ಚಾಮರಾಜನಗರದವರೆಗೆ ಕಪ್ಪು.)

ಚಿಕ್ಕಪ್ಪ: ಇದಕ್ಕೆ ಲ್ಯಾಬ್ ಬೇಡ, ಕಣ್ಣು ಸಾಕು. ಓನರ್‌ಗೆ ಹೇಳಿದ್ಯಾ?

ಕಿಟ್ಟಿ: ಪೇಂಟ್ ಹೊಡೆಸ್ತೀನಿ ಅಂದ್ರು.

ಚಿಕ್ಕಪ್ಪ: ಪೇಂಟಾ! ಮೇಲಿನ ಬಾತ್‌ರೂಮ್ ಪೈಪ್ ಜಿನುಗ್ತಿದ್ರೆ ಪೇಂಟನ್ನೂ ಉಬ್ಬಿಸ್ಕೊಂಡು ಬರತ್ತೆ. ಮೊದಲು ನೀರು ನಿಲ್ಸು ಅನ್ನು.

ಮಲ್ಲೇಶ್ವರಂ ಅತ್ತೆ: ಸರಿ, ನಾನು ಹಾಕಿದ್ದೆಲ್ಲ ಕಸ. ಇನ್ಮೇಲೆ ಗುಡ್ ಮಾರ್ನಿಂಗ್ ಕೂಡ ಕಳ್ಸಲ್ಲ.

(ಎರಡು ನಿಮಿಷ ಯಾರೂ ಇಲ್ಲ. ಕೆಲವರಿಗೆ ಆಸೆ ಹುಟ್ಟಿರಲೂಬಹುದು.)

ಲ್ಯಾಬ್ ಅಕ್ಕ: ಅಯ್ಯೋ ಅತ್ತೆ. ಮಾವನ ಆಸ್ತಮಾ ಹೇಗಿದೆ ಹೇಳಿ.

ಮಲ್ಲೇಶ್ವರಂ ಅತ್ತೆ: ಇನ್‌ಹೇಲರ್ ಎಷ್ಟು ಎಳೆದ್ರೂ ಹಿಡಿತಕ್ಕೆ ಬರ್ತಿಲ್ಲ. ಕಫದಲ್ಲಿ ಕಂದು ಬಣ್ಣದ ಗಟ್ಟಿ ಚೂರು ಬೇರೆ. ಯಾರಿಗೂ ಹೇಳ್ಬೇಡ ಅಂದಿದ್ರು.

ಮಾವ: ಗುಂಪಲ್ಲಿ ಯಾಕೆ ಹಾಕ್ದೆ ಅದನ್ನ?

ಲ್ಯಾಬ್ ಅಕ್ಕ: ಮಾವ, ಆಸ್ತಮಾ ಇರೋ ಕೆಲವರಿಗೆ ಆಸ್ಪರ್ಜಿಲಸ್ ಶ್ವಾಸನಾಳದಲ್ಲೇ ಮನೆ ಮಾಡ್ಕೊಂಡು ಅಲರ್ಜಿ ಎಬ್ಬಿಸತ್ತೆ. ಎಬಿಪಿಎ ಅಂತಾರೆ. ಬಿಟ್ರೆ ಶ್ವಾಸನಾಳ ಹಾಳಾಗತ್ತೆ. ನಿಮಗೆ ಅದೇ ಅಂತ ನಾನು ಹೇಳ್ತಿಲ್ಲ. ಆದ್ರೆ ಎದೆ ಡಾಕ್ಟರ್ ನೋಡ್ಲಿ. ಬೇಕಾದ್ರೆ ಆಸ್ಪರ್ಜಿಲಸ್ ಐಜಿಇ, ಒಟ್ಟು ಐಜಿಇ ಎರಡೂ ಅವರೇ ಬರ್ಕೊಡ್ತಾರೆ.

ಚಿಕ್ಕಪ್ಪ: ಭಾವ, ನಿಮ್ಹಾನ್ಸ್ ಪಕ್ಕದ ಎದೆರೋಗದ ಆಸ್ಪತ್ರೆಗೆ ಹೋಗೋಣ. ನಾಳೆ ಎಂಟಕ್ಕೆ ಕಾರ್ ತರ್ತೀನಿ.

ಮಾವ: ನಾಳೆ ಏಕಾದಶಿ.

ಮಲ್ಲೇಶ್ವರಂ ಅತ್ತೆ: ಏಳೂವರೆಗೇ ಬಾರೋ. ರೆಡಿ ಇರ್ತಾರೆ.