ತಮ್ಮನ ಆಕ್ಸಿಡೆಂಟ್ ಕ್ಲೇಮಿಗೆ ಈಗಿನಿಂದಲೇ ಏನೇನು ಎತ್ತಿಟ್ಟುಕೊಳ್ಳಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ಟೈಲ್ಸ್ ತಮ್ಮನ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 34 ವರ್ಷ, ಟೈಲ್ಸ್ ಹಾಕುವ ಕೆಲಸ. ಕಳೆದ ತಿಂಗಳು ಬೈಕಲ್ಲಿ ಬರುವಾಗ ರಾಂಗ್ ಸೈಡಿಂದ ಬಂದ ಕಾರು ಗುದ್ದಿ, ಬಲಗಾಲು ಮಂಡಿಯ ಕೆಳಗೆ ಮುರಿದಿದೆ. ರಾಡ್ ಹಾಕಿದ್ದಾರೆ. ಎಫ್‌ಐಆರ್ ಆಗಿದೆ, ಕಾರಿಗೆ ಇನ್ಶೂರೆನ್ಸ್ ಇದೆ. ಪೇ ಸ್ಲಿಪ್, ಐಟಿ ರಿಟರ್ನ್ ಯಾವುದೂ ಇಲ್ಲ, ಕೂಲಿ ಕೈಗೆ ಬರುತ್ತಿತ್ತು. ವಕೀಲರನ್ನು ಇನ್ನೂ ನೋಡಿಲ್ಲ. ಕೇಸು ನಡೆಸಿ ಮುಗಿಸಿದವರು ದಯವಿಟ್ಟು ಹೇಳಿ, ಯಾವ ಕಾಗದ ನಿಜವಾಗಿ ಕೆಲಸಕ್ಕೆ ಬಂತು?

ಹಳೇ ಗುಮಾಸ್ತ

ವಕೀಲರ ಆಫೀಸಿನಲ್ಲಿ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸುಗಳ ಫೈಲು ಹೊತ್ತು ತಿರುಗಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರ ಕೇಳುವ ಕಲಂ 166ರ ಅರ್ಜಿ ಹಾಕಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಅದನ್ನು ನಂಬಿಕೊಂಡು ಕೂರಬೇಡಿ. ಗಾಯ ಪೂರ್ತಿ ವಾಸಿಯಾಗಲಿ, ಆಮೇಲೆ ಹಾಕೋಣ ಅನ್ನುವವರು ಸಿಗುತ್ತಾರೆ. ಅರ್ಜಿ ಹಾಕಿಟ್ಟು ಬಿಲ್ಲುಗಳನ್ನು ಆಮೇಲೆ ಕೊಡಬಹುದು. ಅಪಘಾತ ಎಲ್ಲೋ ದೂರದಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರದ ಟ್ರಿಬ್ಯುನಲ್‌ನಲ್ಲೇ ಹಾಕಲು ಕಾನೂನು ಬಿಡುತ್ತದೆ.

ಪೊಲೀಸ್ ಕಡೆಯಿಂದ ಬೇಕಾದದ್ದು: ದೂರು ಮತ್ತು ಎಫ್‌ಐಆರ್ (ಇದರ ಪ್ರತಿ ಉಚಿತ, ಕೇಳಿ ತೆಗೆದುಕೊಳ್ಳಿ), ಸ್ಥಳ ಮಹಜರು, ಅದರ ಜೊತೆಯ ನಕ್ಷೆ, ಐಎಂವಿ ರಿಪೋರ್ಟ್ ಅಂದರೆ ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿ ನೋಡಿ ಬರೆದದ್ದು, ವುಂಡ್ ಸರ್ಟಿಫಿಕೇಟ್ (ಗಾಯಗಳ ಬಗ್ಗೆ ಆಸ್ಪತ್ರೆ ಬರೆದುಕೊಡುವುದು), ಕೊನೆಗೆ ಚಾರ್ಜ್‌ಶೀಟ್. ಪೊಲೀಸರೇ ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ಟ್ರಿಬ್ಯುನಲ್‌ಗೆ ಕಳಿಸಬೇಕು ಅಂತ ನಿಯಮವಿದೆ. ಹಾಗಂತ ಸುಮ್ಮನಿರಬೇಡಿ, ಠಾಣೆಗೆ ಹೋಗಿ ವಿಚಾರಿಸುತ್ತಲೇ ಇರಿ.

ಇವನ್ನು ತಂದು ಕವರಿನಲ್ಲಿ ಇಟ್ಟರೆ ಸಾಲದು, ಕೂತು ಓದಿ. ನಕ್ಷೆಯಲ್ಲಿ ರಸ್ತೆಯ ಯಾವ ಬದಿಗೆ ಡಿಕ್ಕಿಯ ಗುರುತು ಹಾಕಿದ್ದಾರೆ? ಐಎಂವಿ ರಿಪೋರ್ಟಿನಲ್ಲಿ ಕಾರಿನ ಯಾವ ಮೂಲೆ ಜಖಂ ಅಂತಿದೆ? ಎರಡೂ ತಾಳೆಯಾದರೆ ಕಾರು ರಾಂಗ್ ಸೈಡಲ್ಲಿ ಬಂದದ್ದಕ್ಕೆ ಬೇರೆ ಸಾಕ್ಷಿ ಹುಡುಕುವ ಕಷ್ಟ ಅರ್ಧ ಕಡಿಮೆ. ತಮ್ಮನ ಹೆಸರು, ವಯಸ್ಸು ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ನೋಡಿ.

ಇನ್ನೊಂದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಮೊದಲು ಸೇರಿಸಿದ ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ ‘ಹೇಗಾಯ್ತು’ ಅಂತ ಕೇಳಿ ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸ್ ಕೇಸಾಗುವ ಗಾಯಗಳನ್ನು ಬರೆಯುವ ಪುಸ್ತಕ) ಒಂದು ಸಾಲು ಬರೆದಿರುತ್ತಾರೆ. ಕರೆದುಕೊಂಡು ಹೋದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದ’ ಅಂದಿದ್ದರೆ ಅಷ್ಟೇ ಬರೆದಿರುತ್ತಾರೆ. ಇನ್ಶೂರೆನ್ಸ್ ಕಡೆಯ ವಕೀಲರು ಮೊದಲು ತರಿಸುವುದು ಆ ಸಾಲನ್ನೇ: ಸ್ವತಃ ಸ್ಕಿಡ್ ಆಗಿ ಬಿದ್ದದ್ದು, ಕಾರು ಆಮೇಲೆ ಸೇರಿಸಿದ್ದು ಅಂತ ವಾದ. ಹಾಗೇನಾದರೂ ಇದ್ದರೆ ಈಗಲೇ ವಕೀಲರಿಗೆ ಹೇಳಿ, ಆವತ್ತು ಹೇಳಿಕೆ ಕೊಟ್ಟವರು ಯಾರು ಅಂತ ಗುರುತು ಹಾಕಿಕೊಳ್ಳಿ. ದೂರು ಒಂದೆರಡು ದಿನ ತಡವಾಗಿದ್ದರೆ ಹೆದರಬೇಕಿಲ್ಲ. ಗಾಯಾಳುವನ್ನು ಉಳಿಸಿಕೊಳ್ಳುವುದು ಮೊದಲು, ಠಾಣೆ ಆಮೇಲೆ ಅನ್ನುವುದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಒಪ್ಪಿದೆ.

ಮಂಡ್ಯದ ಅಕ್ಕ

ನಮ್ಮ ಮನೆಯವ್ರಿಗೆ ಸೊಂಟದ ಮೂಳೆ ಮುರಿದಾಗ ಫೈಲೆಲ್ಲ ನಾನೇ ನೋಡಿಕೊಂಡದ್ದು. ಆಸ್ಪತ್ರೆ ಕಾಗದದ ವಿಷಯ ಹೇಳ್ತೀನಿ.

ಡಿಸ್ಚಾರ್ಜ್ ಸಮ್ಮರಿ ಎಲ್ಲರೂ ಇಟ್ಕೊಂಡಿರ್ತಾರೆ. ಕೇಸ್ ಶೀಟ್ ಅಂತ ಒಂದಿರುತ್ತೆ, ದಿನಾ ಡಾಕ್ಟರು ನರ್ಸು ಬರೆದದ್ದು, ಅದರ ಪ್ರತಿಗೆ ಅರ್ಜಿ ಕೊಡಿ. ಎಕ್ಸ್‌ರೇ ಫಿಲಂ ಸಿಡಿಯಲ್ಲಿ ಕೊಟ್ಟರೆ ಒಂದು ಕಾಪಿ ಬೇರೆ ಕಡೆಗೂ ಹಾಕಿಡಿ. ಮೆಡಿಕಲ್ ಸ್ಟೋರ್ ಬಿಲ್ಲಿಗೆ ಡಾಕ್ಟರ ಚೀಟಿ ಜೊತೆಗಿರಬೇಕು, ಬರೀ ಬಿಲ್ಲು ಕೊಟ್ಟರೆ ‘ಇದು ಯಾರ ಔಷಧಿ’ ಅಂತ ಕೇಳ್ತಾರೆ. ನಾನು ಚೀಟಿ ಮೇಲೆ ಬಿಲ್ಲು ಪಿನ್ ಮಾಡಿ ತಾರೀಖಿನ ಪ್ರಕಾರ ಜೋಡಿಸಿದ್ದೆ. ಬಿಸಿಗೆ ಅಕ್ಷರ ಮಾಸಿಹೋಗೋ ಆ ನುಣುಪು ಕಾಗದದ ಬಿಲ್ಲುಗಳನ್ನ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಮೂಲದ ಜೊತೆ ಸೇರಿಸಿಡಿ.

ಹೆಲ್ತ್ ಇನ್ಶೂರೆನ್ಸ್‌ನಲ್ಲಿ ದುಡ್ಡು ಬಂದಿದ್ದರೆ ಮೂಲ ಬಿಲ್ಲು ಅವರ ಹತ್ತಿರ ಹೋಗಿರುತ್ತೆ. ಆಸ್ಪತ್ರೆಯಿಂದ ಸೀಲು ಸಹಿ ಹಾಕಿದ ಇನ್ನೊಂದು ಪ್ರತಿ, ಎಷ್ಟು ಕೊಟ್ಟರು ಅನ್ನೋ ಪತ್ರ ಎರಡೂ ತಗೊಳ್ಳಿ. ಮುಚ್ಚಿಡಬೇಡಿ, ಹೇಗಿದ್ರೂ ಗೊತ್ತಾಗುತ್ತೆ.

ರಾಡ್ ಮುಂದೆ ತೆಗೆಸಬೇಕಾಗುತ್ತೆ ಅಂತ ಹೇಳಿದ್ದಾರಾ? ಹೇಳಿದ್ದರೆ ಅದಕ್ಕೆ ಸುಮಾರು ಎಷ್ಟಾಗುತ್ತೆ ಅಂತ ಆಪರೇಷನ್ ಮಾಡಿದ ಡಾಕ್ಟರಿಂದಲೇ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಎಷ್ಟೋ ಜನ ಇದನ್ನ ಬಿಟ್ಟುಬಿಡ್ತಾರೆ.

ಆಟೋಗೆ ಯಾರೂ ಬಿಲ್ಲು ಕೊಡಲ್ಲ. ಒಂದು ನೋಟ್‌ಬುಕ್ಕಲ್ಲಿ ಅವತ್ತವತ್ತೇ ಬರೆಯಿರಿ: ತಾರೀಖು, ಎಲ್ಲಿಗೆ, ಎಷ್ಟು. ಫೋನ್‌ಪೇ ಮಾಡಿದ್ರೆ ಅದೂ ದಾಖಲೆ. ಅದೇ ಪುಸ್ತಕದಲ್ಲಿ ಅವರ ಅವಸ್ಥೆನೂ ಬರೆಯಿರಿ. ಯಾವತ್ತಿನವರೆಗೆ ಸ್ನಾನಕ್ಕೆ ಇನ್ನೊಬ್ಬರು ಬೇಕಿತ್ತು, ಯಾವತ್ತು ವಾಕರ್ ಬಿಟ್ಟರು, ಅವರನ್ನ ನೋಡ್ಕೊಳ್ಳೋಕೆ ಮನೇಲಿ ಯಾರು ಕೆಲಸ ಬಿಟ್ಟು ಕೂತರು. ಮನೆಯವರೇ ನೋಡಿಕೊಂಡ್ರೂ ಅದಕ್ಕೊಂದು ಬೆಲೆ ಇದೆ, ಅಟೆಂಡೆಂಟ್ ಚಾರ್ಜ್ ಅಂತ ಕೇಳಬಹುದು. ಪಾಟಿ ಸವಾಲಿನಲ್ಲಿ ಎರಡು ವರ್ಷದ ಹಿಂದಿನ ಮಾತು ಕೇಳಿದರೆ ಯಾರಿಗೆ ನೆನಪಿರುತ್ತೆ ಹೇಳಿ.

ಹುಬ್ಬಳ್ಳಿ ವೈರಮನ್

ನಾ ವೈರಿಂಗ್ ಕೆಲಸ ಮಾಡಾಂವ. ನನಗೂ ಟಿಪ್ಪರ್ ಬಡದು ಕೈ ಮುರದಿತ್ತು. ಪೇ ಸ್ಲಿಪ್ ಇಲ್ಲಂತ ತಲಿ ಕೆಡಸ್ಕೋಬ್ಯಾಡ್ರಿ ಅಣ್ಣಾರ. ದಾಖಲಿ ಏನೂ ಇಲ್ಲಂದ್ರ ಕೋರ್ಟು ಒಂದು ಅಂದಾಜು ಆದಾಯ ಹಿಡೀತದ. ನಮ್ಮ ರಾಜ್ಯದ ಕಾನೂನು ಸೇವಾ ಪ್ರಾಧಿಕಾರದವ್ರು ಲೋಕ ಅದಾಲತ್‌ಗಂತ ವರ್ಷವಾರು ಒಂದು ಪಟ್ಟಿ ಮಾಡ್ಯಾರ, ಹೈಕೋರ್ಟೂ ಅದನ್ನ ನೋಡ್ತದ. ಆದ್ರ ಅದು ಎಲ್ಲಾರಿಗೂ ಒಂದ ರೇಟು. ನಿಮ್ಮ ತಮ್ಮ ಕೈಕಸಬಿನಾಂವ, ಅದಕ್ಕಿಂತ ಜಾಸ್ತಿ ದುಡೀತಿದ್ದ ಅಂತ ತೋರ್ಸೂದು ನಿಮ್ಮ ಪಾಲಿನ ಕೆಲಸ.

ನಾ ಏನ್ ಕೊಟ್ಟೆ ಅಂದ್ರ: ಅಪಘಾತಕ್ಕಿಂತ ಹಿಂದಿನ ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಲೆಕ್ಕ, ಮನಿ ಮಾಲಕರ ಜೋಡಿ ಮಾಡಿದ ವಾಟ್ಸಾಪ್ ಮಾತು (‘ನಾಳೆ ಬರ್ರಿ, ಅಡ್ವಾನ್ಸ್ ಹಾಕೇನಿ’ ಅಂತ ಇತ್ತು), ಮತ್ತ ಕಟ್ಟಡ ಕಾರ್ಮಿಕರ ಕಾರ್ಡ್. ಟೈಲ್ಸ್ ಕೆಲಸದವ್ರಿಗೂ ಆ ಕಾರ್ಡ್ ಸಿಗ್ತದ. ತಮ್ಮನ ಹತ್ರ ಮೊದ್ಲ ಇತ್ತಂದ್ರ ತಗದಿಡ್ರಿ, ಅದ ಮಂಡಳಿಯಿಂದ ಏನರ ಸಹಾಯ ಬರ್ತದೇನ ಅಂತನೂ ಕೇಳ್ರಿ. ಅಪಘಾತ ಆದಮ್ಯಾಲ ಮಾಡಿಸಿದ ರಿಟರ್ನು, ಹೊಸಾದಾಗಿ ಬರೆಸಿದ ಸಂಬಳದ ಸರ್ಟಿಫಿಕೇಟು, ಇವೆಲ್ಲಾ ತಂದ್ರ ಇದ್ದ ಮರ್ಯಾದಿನೂ ಹೋಗ್ತದ.

ಕಾಗದಕ್ಕಿಂತ ದೊಡ್ಡದು ಮೇಸ್ತ್ರಿ. ‘ಇಂವ ನನ್ನ ಕಡೆ ದಿನಕ್ಕ ಇಷ್ಟು ತಗೋತಿದ್ದ, ಈಗ ಕರಿಯಂಗಿಲ್ಲ, ಯಾಕಂದ್ರ ಕುಂಡ್ರಾಕ ಬರೂದಿಲ್ಲ’ ಅಂತ ಕೋರ್ಟಿಗೆ ಬಂದು ಹೇಳೂವಂಥ ಒಬ್ಬ ಕಾಂಟ್ರ್ಯಾಕ್ಟರ್‌ನ ಈಗ ಮಾತಾಡಿಸಿ ಇಡ್ರಿ. ಬರೇ ಲೆಟರ್ ಕೊಟ್ಟು ಅವರು ಬರ್ಲಿಲ್ಲಂದ್ರ ಆ ಲೆಟರಿಗೆ ತೂಕ ಇರೂದಿಲ್ಲ.

ಟೈಲ್ಸ್ ತಮ್ಮನ ಅಣ್ಣ

ತುಂಬಾ ಉಪಕಾರ. ಎರಡು ವಿಷಯ ಕೇಳಬೇಕು. ಇನ್ಶೂರೆನ್ಸ್ ಕಂಪನಿ ಕಡೆಯವರು ಅಂತ ಒಬ್ಬರು ಮನೆಗೆ ಬಂದು, ಈಗಲೇ ಸಹಿ ಹಾಕಿದರೆ ಬೇಗ ಮುಗಿಸಿಕೊಡ್ತೀವಿ ಅಂತಿದ್ದಾರೆ. ಇನ್ನೊಬ್ಬರು ಶೇ 40 ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ, ಖರ್ಚಾಗುತ್ತೆ ಅಂತಾರೆ. ಅಷ್ಟು ಪರ್ಸೆಂಟ್ ಇದ್ದರೆ ಪರಿಹಾರ ಹೆಚ್ಚು ಅಂತ ಹೇಳ್ತಿದ್ದಾರೆ.

ಹಳೇ ಗುಮಾಸ್ತ

ಆ ಸರ್ಟಿಫಿಕೇಟಿನವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಅಂತ ಸುಪ್ರೀಂ ಕೋರ್ಟಿನ 2010ರ ತೀರ್ಪಿದೆ. ಗಾಯದ ಕೇಸುಗಳಿಗೆ ಅದೇ ಬುನಾದಿ. ಚಿಕಿತ್ಸೆ ಕೊಡದ ವೈದ್ಯರು ಸಲೀಸಾಗಿ ಬರೆದುಕೊಡುವ ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರವಿರಲಿ ಅಂತ ಅದರಲ್ಲೇ ಟ್ರಿಬ್ಯುನಲ್‌ಗಳಿಗೆ ಹೇಳಿದ್ದಾರೆ.

ಅದೇ ತೀರ್ಪಿನ ಇನ್ನೊಂದು ಮಾತು ನಿಮಗೆ ಬೇಕು. ಎಡಗೈ ಕಳೆದುಕೊಂಡವನು ಡ್ರೈವರ್ ಅಥವಾ ಬಡಗಿಯಾಗಿದ್ದರೆ ಗಳಿಕೆಯ ಶಕ್ತಿ ಹೆಚ್ಚುಕಮ್ಮಿ ನೂರಕ್ಕೆ ನೂರು ಹೋದಂತೆ. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಗಾಯ ಒಂದೇ, ನಷ್ಟ ಬೇರೆ. 2014ರಲ್ಲಿ ತೀರ್ಪಾದ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಗೆ ಗಳಿಕೆಯ ನಷ್ಟ ಶೇ 85 ಅಂತ ಸುಪ್ರೀಂ ಕೋರ್ಟ್ ಹಿಡಿಯಿತು. ಗಾಡಿ ತಳ್ಳಬೇಕು, ಸಂತೆಗೆ ಓಡಾಡಬೇಕು, ಕೂತು ಆಗುವ ವ್ಯಾಪಾರವಲ್ಲ.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ವೈದ್ಯರು ಬಲಗಾಲಿಗೆ ಶೇ 30 ಅಂದರು ಅನ್ನಿ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ 10 ಅಂತ ನಮ್ಮ ಕಡೆ ಹಿಡಿಯುವುದು ರೂಢಿ. 34 ವರ್ಷಕ್ಕೆ ಮಲ್ಟಿಪ್ಲೈಯರ್, ಅಂದರೆ ವಯಸ್ಸು ನೋಡಿ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 16. ತಿಂಗಳಿಗೆ 15,000 ರೂಪಾಯಿ ಆದಾಯ ಅಂತ ಇಟ್ಟುಕೊಂಡರೆ ವರ್ಷಕ್ಕೆ 1,80,000, ಅದರ 16 ಪಟ್ಟು 28,80,000, ಅದರಲ್ಲಿ ಶೇ 10 ಅಂದರೆ 2,88,000. ಕೆಲಸದ ದೃಷ್ಟಿಯಿಂದ ಶೇ 20 ಅಂತ ಒಪ್ಪಿಸಿದರೆ 5,76,000. ಭವಿಷ್ಯದ ಆದಾಯ ಏರಿಕೆಗೆ, ನಲವತ್ತರ ಒಳಗಿನ ಸ್ವಂತ ದುಡಿಮೆಯವರಿಗೆ ಶೇ 40 ಸೇರಿಸಿ ಕೇಳಲೂ ಅವಕಾಶ ಇದೆ. ನೋವು, ಚಿಕಿತ್ಸೆ, ಮಲಗಿದ್ದ ತಿಂಗಳುಗಳ ಕೂಲಿ ಇದಕ್ಕೆ ಹೊರತು.

ಶೇ 10ನ್ನು 20 ಮಾಡುವುದು ಖರೀದಿ ಮಾಡಿದ ಸರ್ಟಿಫಿಕೇಟ್ ಅಲ್ಲ. ಆಪರೇಷನ್ ಮಾಡಿದ ವೈದ್ಯರು ಮೂಳೆ ಕೂಡಿದ ಮೇಲೆ ಅಳೆದು ಬರೆಯಬೇಕು: ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ, ಕಾಲು ಗಿಡ್ಡವಾಗಿದೆಯೇ, ಭಾರ ಎತ್ತಬಹುದೇ. ಟೈಲ್ಸ್ ಕೆಲಸದವನು ದಿನವಿಡೀ ಮಂಡಿಯೂರಿಯೇ ಇರಬೇಕು ಅನ್ನುವುದನ್ನು ವೈದ್ಯರಿಗೂ ಬಿಡಿಸಿ ಹೇಳಿ, ಅವರು ಉದ್ಯೋಗ ಬರೆಯುವ ಜಾಗದಲ್ಲಿ ‘ಕೂಲಿ’ ಅಂತ ಬರೆದು ಮುಗಿಸದಿರಲಿ. ಅವರಿಗೆ ಕೋರ್ಟಿಗೆ ಬರಲು ಬಿಡುವಿಲ್ಲದಿದ್ದರೆ ಕೋರ್ಟು ನೇಮಿಸುವ ಕಮಿಷನರ್ ಮೂಲಕ ಆಸ್ಪತ್ರೆಯಲ್ಲೇ ಸಾಕ್ಷ್ಯ ಪಡೆಯಲು ಕೇಳಬಹುದು.

ಮನೆಗೆ ಬಂದವರಿಗೆ ಮರ್ಯಾದೆಯಿಂದ ಕಾಫಿ ಕೊಟ್ಟು ಕಳಿಸಿ. ಸಹಿ ಬೇಡ, ಹೇಳಿಕೆಯ ರೆಕಾರ್ಡಿಂಗೂ ಬೇಡ. ಮೂಳೆ ಕೂಡುವ ಮೊದಲು ನಷ್ಟ ಎಷ್ಟು ಅಂತ ನಿಮಗೇ ಗೊತ್ತಿಲ್ಲ.

ರಾತ್ರಿ ಪಾಳಿ

ಸಿಸಿಟಿವಿ ಬಗ್ಗೆ ಯಾರೂ ಹೇಳಿಲ್ಲ. ಅಂಗಡಿಗಳ ರೆಕಾರ್ಡರ್‌ನಲ್ಲಿ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ, ತಿಂಗಳಾಗಿದ್ದರೆ ಅಳಿಸಿಹೋಗಿರುವ ಸಾಧ್ಯತೆಯೇ ಹೆಚ್ಚು. ಆದರೂ ಇವತ್ತೇ ಆ ರಸ್ತೆಯಲ್ಲಿ ನಡೆದುಕೊಂಡು ಹೋಗಿ ಕ್ಯಾಮೆರಾ ಎಲ್ಲೆಲ್ಲಿ ಇದೆ ನೋಡಿ, ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಗಡಿಯವರು ಪೊಲೀಸರಿಗೆ ಆಗಲೇ ಕೊಟ್ಟಿರಲೂಬಹುದು. ಆವತ್ತು ಯಾರಾದರೂ ಫೋಟೊ ತೆಗೆದಿದ್ದರೆ ಮೂಲ ಫೈಲ್ ಅವರ ಫೋನಿನಲ್ಲೇ ಇರಲಿ, ಅಳಿಸಬೇಡಿ ಅಂತ ಹೇಳಿ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ತೆಗೆದ ಸಮಯ, ಜಾಗದ ವಿವರ ಉಳಿಯುವುದಿಲ್ಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಫೋಟೊ, ವಿಡಿಯೊದಂಥ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವುದು) ಜೊತೆಗೆ ಬೇಕು, ವಕೀಲರು ಮಾಡಿಸುತ್ತಾರೆ.

ಹಾಗೇ ತಮ್ಮನ ಇನ್‌ಸ್ಟಾಗ್ರಾಂ ಮೇಲೂ ಕಣ್ಣಿರಲಿ. ಮದುವೆ ಮನೆಯಲ್ಲಿ ನಿಂತು ನಗುತ್ತಿರುವ ಒಂದು ಫೋಟೊ ಸಾಕು, ‘ಆರಾಮಾಗಿ ಓಡಾಡ್ತಿದ್ದಾರಲ್ಲ’ ಅನ್ನಲು.

ಮಂಡ್ಯದ ಅಕ್ಕ

ಗುಮಾಸ್ತರ ಮಾತಿಗೆ ಒಂದು ಸೇರಿಸ್ತೀನಿ. ಎಲ್ಲ ರಾಜಿನೂ ಕೆಟ್ಟದ್ದಲ್ಲ. ನಾವು ಲೋಕ ಅದಾಲತ್‌ನಲ್ಲೇ ಮುಗಿಸಿದ್ವಿ, ವಯಸ್ಸಾದವರು, ಅಲೆದಾಡೋಕೆ ಆಗ್ತಿರಲಿಲ್ಲ. ದುಡ್ಡು ಸ್ವಲ್ಪ ಕಡಿಮೆ ಆದ್ರೂ ಬೇಗ ಕೈಗೆ ಬಂತು. ಆದ್ರೆ ಡಾಕ್ಟರ ಸರ್ಟಿಫಿಕೇಟ್, ಬಿಲ್ಲು ಎಲ್ಲ ಫೈಲಿನಲ್ಲಿ ಸೇರಿದ ಮೇಲೆ ಕೂತು ಮಾತಾಡಿದ್ದು.

ಹಳೇ ಗುಮಾಸ್ತ

ಒಪ್ಪಿದೆ ಅಕ್ಕಾ, ಆದರೆ ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ ಅನ್ನುವುದು ಅವರ ತಲೆಯಲ್ಲಿರಲಿ. ಇವರ ತಮ್ಮನಿಗೆ 34, ಮುಂದೆ ಇಪ್ಪತ್ತೈದು ವರ್ಷದ ದುಡಿಮೆ ಇದೆ. ನಾನಾಗಿದ್ದರೆ ಕಾಯುತ್ತಿದ್ದೆ.

ಟೈಲ್ಸ್ ತಮ್ಮನ ಅಣ್ಣ

ಒಂದು ಹೇಳೋದು ಬಿಟ್ಟಿದ್ದೆ. ಆವತ್ತು ಹೆಲ್ಮೆಟ್ ಹಾಕಿರಲಿಲ್ಲ. ಡಿಎಲ್ ಕೂಡ ರಿನ್ಯೂವಲ್ ಆಗಿರಲಿಲ್ಲ. ಕೇಸು ಬಿದ್ದುಹೋಗುತ್ತಾ?

ಹಳೇ ಗುಮಾಸ್ತ

ಬಿದ್ದುಹೋಗುವುದಿಲ್ಲ. ಲೈಸೆನ್ಸ್ ಇಲ್ಲ ಅಂದಮಾತ್ರಕ್ಕೆ ಅಪಘಾತದಲ್ಲಿ ಅವನದೂ ತಪ್ಪಿದೆ ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮುರಿದದ್ದು ಕಾಲು, ಹೆಲ್ಮೆಟ್ ಇದ್ದಿದ್ದರೂ ಮುರಿಯುತ್ತಿತ್ತು. ಎದುರು ಪಕ್ಷದವರು ಇವೆರಡನ್ನೂ ಎತ್ತಿಯೇ ಎತ್ತುತ್ತಾರೆ, ಪೊಲೀಸರು ದಂಡ ಬೇರೆ ಹಾಕಬಹುದು, ಅದು ಬೇರೆ ಲೆಕ್ಕ. ಹಳೇ ಡಿಎಲ್‌ನ ಪ್ರತಿ ಇದ್ದರೆ ಫೈಲಿಗೆ ಸೇರಿಸಿ, ಗಾಡಿ ಓಡಿಸಲು ಬರುತ್ತಿತ್ತು ಅನ್ನುವುದಕ್ಕಾದರೂ ಆಗುತ್ತದೆ. ವಕೀಲರನ್ನು ಮೊದಲ ಸಲ ನೋಡುವಾಗಲೇ ಎರಡೂ ವಿಷಯ ಹೇಳಿಬಿಡಿ, ಅವರು ಪಾಟಿ ಸವಾಲಿನಲ್ಲಿ ಮೊದಲ ಬಾರಿ ಕೇಳುವಂತಾಗಬಾರದು.