ಸಹಾಯ ಬೇಕು: ಮಗಳು ಹಾಲು ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 1 ವರ್ಷ 7 ತಿಂಗಳು. ಮನೆ ತುಂಬಾ ಓಡಾಡುತ್ತಾಳೆ, ಮಾತೂ ಕಲಿಯುತ್ತಿದ್ದಾಳೆ. ಆದರೆ ತುತ್ತು ಹಿಡಿದರೆ ಸಾಕು, ತುಟಿ ಬಿಗಿ ಮಾಡಿ ಕತ್ತು ತಿರುಗಿಸುತ್ತಾಳೆ. ದಿನಕ್ಕೆ ಮುಕ್ಕಾಲು ಲೀಟರ್ ಹಸುವಿನ ಹಾಲು ಬೇಕು, ಅದೂ ಬಾಟಲಿಯಲ್ಲೇ.

ಅಂಗನವಾಡಿಯಲ್ಲಿ ಮೂರು ತಿಂಗಳಿಂದ ತೂಕ 8.9 ಕೆಜಿಯಲ್ಲೇ ನಿಂತಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಚಿಕೊಂಡಿದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.1 ಬಂತು, ಅಂದರೆ ರಕ್ತಹೀನತೆ. ಹಸುವಿನ ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಹೊಟ್ಟೆ ಅದರಲ್ಲೇ ತುಂಬಿದರೆ ಊಟ ಸೇರಲ್ಲ, ಅರ್ಧ ಲೀಟರ್ ದಾಟಿಸಬೇಡಿ ಎಂದರು ಡಾಕ್ಟರ್. ಹಾಲು ಒಳ್ಳೇದು ಅಂತ ಕೇಳಿದಾಗೆಲ್ಲ ಕೊಟ್ಟವಳು ನಾನೇ. ತುಂಬಾ ಸಂಕಟ ಆಗುತ್ತಿದೆ.

ರಾತ್ರಿ ಬಾಟಲಿ ಹೇಗೆ ಬಿಡಿಸಿದಿರಿ? ಒಂದೇ ಸಲಕ್ಕಾ, ಸ್ವಲ್ಪ ಸ್ವಲ್ಪವಾಗಿಯಾ? ಐರನ್ ಡ್ರಾಪ್ಸ್ ಉಗಿದುಬಿಡುತ್ತಾಳೆ, ಅಂಗಿಯೆಲ್ಲ ಕಂದು ಕಲೆ. ಹಾಲಿನ ಜೊತೆ ಕೊಡಬಾರದು ಅಂತ ಗೊತ್ತು. ಮೂಸಂಬಿ ರಸದ ಜೊತೆ ಕೊಟ್ಟವರು ಇದ್ದೀರಾ? ರಾಗಿ ಸರಿ, ಸೊಪ್ಪಿನ ಸಾರು, ಮೊಟ್ಟೆ ಎಲ್ಲ ಮಾಡಿ ನೋಡಿದೆ. ಬೆಲ್ಲ ಹಾಕಿದ ರಾಗಿ ದೋಸೆ ಮಾತ್ರ ಎರಡು ಚೂರು ತಿಂದಳು, ತಾನೇ ಕೈಯಲ್ಲಿ ಹಿಡಿದುಕೊಂಡು.

ಬಲವಂತವಾಗಿ ತಿನ್ನಿಸಿ ಅನ್ನಬೇಡಿ, ಹಾಗೆ ಮಾಡಿ ಒಮ್ಮೆ ಎಲ್ಲಾ ವಾಂತಿ ಮಾಡಿಕೊಂಡಳು. ಇದೇ ವಯಸ್ಸಿನ ಮಕ್ಕಳಿರುವ ಅಕ್ಕಂದಿರು ದಯವಿಟ್ಟು ತಿಳಿಸಿ.